ಫಕ್ಕೀರವ್ವನ ಬಾಯಿ ಭಾಳ ಜೋರು

ಮೊದಲ ಹೇಳಿಬಿಡ್ತೇನಿ, ನನಗ ಸಿಟ್ಟು ಬಂದೈತಿ. ಸಿಟ್ಟು ಇಳಿದ ಮ್ಯಾಲೆ ಹೇಳು ಅಂತಾಳ ನನ್ನ ಹೆಂಡ್ತಿ ಗಂಗವ್ವ. ಇಳಿಯೂ ಸಿಟ್ಟಲ್ಲ ಇದು. ಹಂಗಾಗಿ ಸಿಟ್ಟಿನ್ಯಾಗ ಕೇಳ್ಕೋರಿ, ನಡುವ ಯಾರಿಗರ ಬೈದ್ರ ಮನಸಿಗೆ ಹಚ್ಕೋಬ್ಯಾಡ್ರಿ.

ನಾನು ಗುತ್ತಲದ ಗುಡದಪ್ಪ. ಹಾವೇರಿ ದನದ ಸಂತ್ಯಾಗ ಮೂವತ್ತು ವರ್ಷದಿಂದ ದಲ್ಲಾಳಿ. ಆದ್ರ ಈಗ ಹೇಳಾಕತ್ತಿದ್ದು ನನ್ನ ಕಥಿ ಅಲ್ಲ, ಫಕ್ಕೀರವ್ವ ಅಂತ ಒಬ್ಬಾಕಿ ನರ್ಸಿಂದು. ರಾಣೇಬೆನ್ನೂರಾಗ ಒಂದು ಖಾಸಗಿ ದವಾಖಾನಿ ಐತಿ. ಹೆಸರು ಹೇಳೂದಿಲ್ಲ, ಹೇಳಿದ್ರ ನಾಳೆ ವಕೀಲನ ನೋಟೀಸ ಬರತೈತಿ. ಅದರ ಐಸಿಯುದಾಗ ಹದಿನೆಂಟು ವರ್ಷ ದುಡದಾಕಿ ಫಕ್ಕೀರವ್ವ. ಉಸಿರಿನ ಮಷೀನಿನ ಮ್ಯಾಲೆ ಬಿದ್ದ ಮಂದಿನ್ನ ನೋಡ್ಕೊಳ್ಳೂದು ಆಕಿ ಕೆಲಸ. ಹ್ವಾದ ಚಳಿಗಾಲದಾಗ ನನ್ನನ್ನ ಹನ್ನೊಂದು ದಿವಸ ನೋಡ್ಕೊಂಡ್ಲು. ಅಂಥಾಕಿನ್ನ ಕೆಲಸದಿಂದ ತಗದು ಒಗದ್ರು. ತಗದು ತಿಂಗಳ ಆದ ಮ್ಯಾಲೆ ದವಾಖಾನಿ ಎದುರಿನ ಔಷಧ ಅಂಗಡಿಯಂವ ಫೋನ್ ಮಾಡಿ ಸುದ್ದಿ ಹೇಳಿದ. ಉಣ್ಣಾಕ ಕುಂತಾವ ಹಂಗ ಎದ್ದು ಕೈ ತೊಳಕೊಂಡೆ, ಬಸ್ಸು ಹತ್ತಿದೆ. ಆಕಿನ್ನ ತಿರುಗಿ ಅದ ವಾರ್ಡಿನ್ಯಾಗ ನಿಲ್ಲಿಸಿನ ಬರ್ತೇನಿ ಅಂತ ಗಂಗವ್ವಗ ಹೇಳಿ ಹೊಂಟಿದ್ದೆ.

ಯಾಕ ಅಷ್ಟು ಉರೀತು ಅನ್ನೂದು ನಿಮಗ ತಿಳೀಬೇಕಂದ್ರ ಆ ಹನ್ನೊಂದು ದಿವಸದ್ದು ಹೇಳಬೇಕು. ಅರ್ಧ ನನಗ ನೆನಪೈತಿ, ಅರ್ಧ ಗಂಗವ್ವ ಹೇಳಿದ್ದು.

ಡಿಸೆಂಬರಿನ್ಯಾಗ ನೆಗಡಿ ಬಂತು. ನೆಗಡಿ ಬಂತಂತ ಯಾರರ ದವಾಖಾನಿಗೆ ಹೋಗ್ತಾರೇನ್ರಿ? ಜ್ವರ ಬಂತು, ಆಗೂ ಸಂತಿ ತಪ್ಪಸಲಿಲ್ಲ. ಐದನೇ ದಿನಕ್ಕ ಎರಡೂ ಫುಪ್ಪಸಕ್ಕ ನಿಮೋನಿಯಾ ಇಳಿದಿತ್ತು. ಒಂದು ಮಾತು ಮುಗಸಾಕ ಮೂರು ಸಲ ಉಸಿರು ತಗೋಬೇಕಾಗಿತ್ತು. ನನ್ನ ತಮ್ಮ ಕನಕಪ್ಪ, ಅವನೂ ದಲ್ಲಾಳಿನ, ಯಾರದೋ ಕಾರಿನ್ಯಾಗ ಹಾಕ್ಕೊಂಡು ರಾಣೇಬೆನ್ನೂರಿಗೆ ಒಯ್ದ. ಡಾಕ್ಟರು ನನ್ನ ತುಟಿ ಬಣ್ಣ ನೋಡಿದ್ರು, ಕೈಬಟ್ಟಿಗೆ ಕ್ಲಿಪ್ ಹಚ್ಚಿ ನೋಡಿದ್ರು, "ಮಷೀನಿಗೆ ಹಾಕಬೇಕು, ಲಗೂ ಸಹಿ ಮಾಡ್ರಿ" ಅಂದ್ರು. ಬಾಯಾಗಿಂದ ಉಸಿರಿನ ಕೊಳವಿಗೆ ನಳಿಗಿ ಇಳಿಸಿದ್ರು. ಮೂವತ್ತು ವರ್ಷ ಸಂತಿ ತುಂಬ ಒದರಿದ ಬಾಯಿ ಬಂದ್ ಆತು.

ನನಗ ನೆನಪಿರೂ ಮೊದಲನೇ ಮಾತು ಫಕ್ಕೀರವ್ವನ ಒಂದು ಬೈಗಳ. "ಯಾರ್ರೀ ಈ ಹಾಸಿಗಿ ತಲಿಕಡೆ ಇಳಿಸಿದಾವರು? ಇವರನ್ನ ಕೊಲ್ಲಬೇಕಂತ ಮಾಡೀರೇನು?" ಇಳಿಸಿದಾಕಿ ಗಂಗವ್ವ. ತಲಿ ಎತ್ತರದಾಗ ಇಟ್ರ ಕುತ್ತಿಗಿ ನೋಯತೈತಿ ಅಂತ ಪಾಪ, ಹಿಡಿಕಿ ತಿರುವಿ ಸಪಾಟ ಮಾಡಿದ್ಲು. "ಮೂಗಿನ ನಳಿಗಿಂದ ಹೊಟ್ಟಿಗೆ ಗಂಜಿ ಹೋಗಾಕತ್ತೈತ್ರಿ. ಸಪಾಟ ಮಲಗಿಸಿದ್ರ ಅದು ಮ್ಯಾಲೆ ಬಂದು ಫುಪ್ಪಸಕ್ಕ ಇಳೀತೈತಿ. ಈಗಿದ್ದ ನಿಮೋನಿಯಾ ಸಾಲದೇನು?" ಮರುದಿನ ಗಂಗವ್ವ ಚಮಚಾದಾಗ ನೀರು ತಂದು ತುಟಿಗೆ ಹಿಡದ್ಲು. ಫಕ್ಕೀರವ್ವ ಮಣಿಕಟ್ಟು ಹಿಡಿದು ನೀರು ಚೆಲ್ಲಿಸಿದ್ಲು. ಗಂಗವ್ವ ಅಳಾಕತ್ತಿದ್ಲು. ಅಳೂದನ್ನ ನೋಡಿ ಒಂದು ಅರಿವಿ ತುಂಡು ತೊಯ್ಸಿ ಹಿಂಡಿ ಆಕಿ ಕೈಯಾಗ ಕೊಟ್ಟು, "ತುಟಿ ಒರಸ್ರಿ. ಅಷ್ಟು ಮಾಡ್ರಿ, ಅವರಿಗೆ ತಂಪಾಗತೈತಿ" ಅಂದ್ಲಂತ. ಅದಾದ ಮ್ಯಾಲೆ ದಿನಾ ಭೆಟ್ಟಿ ಹೊತ್ತಿನ್ಯಾಗ ಗಂಗವ್ವಗ ಅದ ಕೆಲಸ.

ಫಕ್ಕೀರವ್ವ ದೇವರಗುಡ್ಡದ ಕಡ್ಯಾಕಿ. ನಲವತ್ನಾಕು ವರ್ಷ, ಗಿಡ್ಡಾಕಿ, ಮೊಣಕಾಲು ನೋವು, ನಡದ್ರ ಎಡಕ್ಕ ವಾಲ್ತಾಳ. ಅಪ್ಪ ಹೊಲ ಮಾಡ್ಕೊಂಡು ಎತ್ತು ಸಾಕ್ಕೊಂಡು ಇದ್ದಾವ. ನರ್ಸಿಂಗ್ ಕಲಿಯಾಕ ಹ್ವಾದಾಗ ಸಂಗಡ್ಯಾರು ಹೆಸರು ಕೇಳಿ ಬಾಯಿಗೆ ಸೆರಗು ಹಿಡಕೊಂಡು ನಕ್ಕರಂತ. ದವಾಖಾನಿ ಮ್ಯಾನೇಜರ ಬ್ಯಾಡ್ಜಿನ ಮ್ಯಾಲೆ "ಪಲ್ಲವಿ" ಅಂತ ಬರಸೂಣು, ಕರಿಯಾಕ ಚಲೋ ಆಗತೈತಿ ಅಂದನಂತ. "ಸರ, ನನ್ನ ಪೇಷಂಟಿನ ಬಾಯಾಗ ನಳಿಗಿ ಐತಿ. ಅಂವ ಎಲ್ಲಿ ಕರೀತಾನ?" ಅಂದ್ಲಂತ ಇವಳು. ಮಧ್ಯಾಹ್ನದ ರೊಟ್ಟಿ ನಿಂತ ತಿಂತಿದ್ಲು, ಒಂದು ಕಣ್ಣು ಮಷೀನಿನ ಮ್ಯಾಲೆ ಇಟ್ಕೊಂಡು. ಕುಂತು ಉಂಡಿದ್ದನ್ನ ನಾನು ನೋಡಲಿಲ್ಲ.

ಮಷೀನು ಬದುಕಿಸಿತು ಅಂತಾರ ಮಂದಿ. ಮಷೀನಿನ ಮಾರಿಗೆ ಬೆಂಕಿ ಹಚ್ಚ! ಅದು ಗಾಳಿ ಊದತೈತಿ, ಅಷ್ಟ. ಎರಡು ತಾಸಿಗೊಮ್ಮೆ ನನ್ನ ಮಗ್ಗಲ ಬದಲಿಸಿ ಬೆನ್ನು ಹುಣ್ಣಾಗದಂಗ ನೋಡಿದಾಕಿ ಯಾರು? ಹಲ್ಲು, ನಾಲಿಗಿ, ಗಲ್ಲದ ಒಳಗಡೆ ಔಷಧ ಹಚ್ಚಿ ಒರಿಸಿದಾಕಿ ಯಾರು? ನನ್ನ ಬಾಯಿ ನಾನ ಅಷ್ಟು ಸ್ವಚ್ಛ ಯಾವತ್ತೂ ತೊಳದಿಲ್ಲ, ಖರೇ ಹೇಳ್ತೇನಿ. ನಳಿಗ್ಯಾಗ ಕಫ ಕಟ್ಟಿದ್ರ ಸಣ್ಣ ನಳಿಗಿ ಒಂದನ್ನ ಒಳಗ ಇಳಿಸಿ ಎಳೀತಾರ. ಜೀವಾನ ಜಗ್ಗಿ ತಗದಂಗ ಆಗತೈತಿ. ಉಳಿದ ಪಾಳಿ ಹುಡುಗ್ಯಾರು ಮಾತಿಲ್ಲ ಕಥಿಲ್ಲ, ಬಂದ್ರು, ಜಗ್ಗಿದ್ರು, ಹ್ವಾದ್ರು. ಇವಳು ಮೊದಲು ಕಿವ್ಯಾಗ ಹೇಳಾಕಿ. "ಅಣ್ಣಾರ, ಈಗ ಕಫ ತಗೀತೇನಿ. ಕೆಮ್ಮು ಬರತೈತಿ, ಉಸಿರು ಕಟ್ಟಿದಂಗ ಆಗತೈತಿ. ಹೆದರಬ್ಯಾಡ್ರಿ, ಲಗೂ ಮುಗಸ್ತೇನಿ. ಬೈಯೂದಿದ್ರ ಮನಸಿನ್ಯಾಗ ಬೈಕೋರಿ." ಬೈತಿದ್ದೆ, ಹೊಟ್ಟಿ ತುಂಬ ಬೈತಿದ್ದೆ. ಬಾಜೂ ಹಾಸಿಗ್ಯಾಗ ಎಚ್ಚರಿಲ್ಲದ ಮುದುಕಗೂ ಆಕಿ ಹಂಗ ಹೇಳ್ತಿದ್ಲು. ಒಬ್ಬ ಹುಡುಗಿ ನಕ್ಕಿದ್ದಕ್ಕ, "ನಳಿಗಿ ಹಾಕಿದ್ದು ಬಾಯಿಗೆ, ಕಿವಿಗೆ ಹಾಕಿಲ್ಲ" ಅಂತ ಗದರಿಸಿದ್ಲು.

ನನ್ನ ಕೈ ಕಟ್ಟಿದ್ಲು. ಅದೂ ಖರೇ. ಎರಡನೇ ದಿನ ನಿದ್ದಿ ಔಷಧದ ಅಮಲಿನ್ಯಾಗ ನಳಿಗಿ ಕಿತ್ತು ಒಗ್ಯಾಕ ಹೋಗಿದ್ದೆ. ಕಿತ್ತಿದ್ರ ಅಲ್ಲೇ ಮುಗೀತಿತ್ತು. ಮೆತ್ತನ್ನ ಅರಿವಿ ಸುತ್ತಿ ಕಟ್ಟಿದ್ಲು. ಆದ್ರ ತಾನು ಎದುರಿಗೆ ಇದ್ದಷ್ಟು ಹೊತ್ತು ಬಿಚ್ಚಿ ಮಣಿಕಟ್ಟು ತಿಕ್ಕತಿದ್ಲು.

ಇದನ್ನೆಲ್ಲಾ ಐದು ಮಷೀನಿಗೆ ಒಬ್ಬಾಕಿ ಮಾಡಬೇಕು. ಜೊತಿಗೆ ನಿನ್ನೆ ಮೊನ್ನೆ ಪಾಸಾಗಿ ಬಂದ ಒಂದು ಹುಡುಗಿ, ಅಷ್ಟ. ಮ್ಯಾನೇಜರ ಮುಂಜಾನೆ ಹಣಿಕಿ ಹಾಕಿದಾಗೊಮ್ಮೆ ಫಕ್ಕೀರವ್ವ ಕೇಳಾಕಿ, "ಸರ, ಇನ್ನಿಬ್ಬರನ್ನ ಕೊಡ್ರಿ, ಕೈ ಸಾಲವಲ್ವು." ಅಂವ, "ನೋಡೋಣ ಸಿಸ್ಟರ್." ಇವಳು, "ದೀಪಾವಳಿಯಿಂದ ನೋಡಾಕತ್ತೀರಿ. ಒಮ್ಮೆ ಕಣ್ಣು ತೋರಿಸ್ಕೋರಿ." ಮಲಗಿದಲ್ಲೆ ನನಗ ನಗು ಬರತಿತ್ತು, ನಗಾಕ ಬರತಿರಲಿಲ್ಲ. ಮಂದಿ ಎದುರಿಗೆ ಮರ್ಯಾದಿ ಹ್ವಾದದ್ದನ್ನ ಆ ಮ್ಯಾನೇಜರ ಮರೀಲಿಲ್ಲ.

ನಾಕನೇ ದಿವಸ ನನ್ನನ್ನ ಬೋರಲ ಹಾಕಿದ್ರು. ಬೋರಲ ಮಲಗಿಸಿದ್ರ ಬೆನ್ನಕಡೆ ಫುಪ್ಪಸ ಬಿಚ್ಚಿ ಗಾಳಿ ಹಿಡೀತೈತಂತ. ಡಾಕ್ಟರು ತಲಿಕಡೆ ನಳಿಗಿ ಹಿಡಕೊಂಡ್ರು, ಐದು ಮಂದಿ ಮೈ ಹಿಡಕೊಂಡ್ರು, "ಒಂದ್, ಎರಡ್, ಮೂರ್" ಅಂತ ಫಕ್ಕೀರವ್ವ ಒದರಿದ್ಲು, ಹೊಳ್ಳಿಸಿ ಹಾಕಿದ್ರು. ದಿನಕ್ಕ ಹದಿನಾರು ತಾಸು ಹಂಗ. ಮಾರಿ ಬಾತು ಕುಂಬಳಕಾಯಿ ಆತು, ಕಣ್ಣು ಮುಚ್ಚಿಹ್ವಾದ್ವು.

ಅಲ್ಲಿಗೆ ನಮ್ಮ ಮಂದಿ ತಲಿ ಕೆಟ್ಟಿತು. ನೋಡಾಕ ಬಂದ ಬೀಗನೊಬ್ಬ ಹೊರಗ ಹೋಗಿ, "ಜೀವ ಹೋಗಿ ಎರಡು ದಿನಾ ಆಗೇತಿ. ಹೆಣಕ್ಕ ಗಾಳಿ ಊದಿ ಎದಿ ಏರಿಸಿ ಇಳಿಸಾಕತ್ತಾರ" ಅಂದ. ಈ ಮಾತು ನಮ್ಮ ಕಡೆ ಯಾವ ಪುಣ್ಯಾತ್ಮ ಹಬ್ಬಿಸ್ಯಾನೋ, ಅವನ ಬಾಯಿಗೆ ಮಣ್ಣು ಬೀಳ್ಲಿ. ಮಷೀನಿನ ಮ್ಯಾಲೆ ಯಾರ ಇರಲಿ, ನಾಕು ದಿನಾ ದಾಟಿತಂದ್ರ ಇದ ಮಾತು. ಕನಕಪ್ಪ ನಂಬಿದ. ಒಡಹುಟ್ಟಿದ ತಮ್ಮ, ನನ್ನ ಕೈಯಾಗ ದಂಧೆ ಕಲತಾವ, ನಂಬಿಬಿಟ್ಟ! "ಮನಿಗೆ ಒಯ್ಯೂಣು. ಹೊಸ್ತಲ ಒಳಗರ ಜೀವ ಹೋಗ್ಲಿ" ಅಂದ. ದೊಡ್ಡ ಡಾಕ್ಟರು, "ನಿಮ್ಮಿಚ್ಛಾ. ಬರಕೊಟ್ಟು ಒಯ್ರಿ" ಅಂದ್ರು. ಒಯ್ದಿದ್ರ ನಾನು ಗುತ್ತಲದ ಅಗಸಿ ಬಾಗಲ ಕಾಣತಿರಲಿಲ್ಲ, ರಾಣೇಬೆನ್ನೂರು ದಾಟೂದ್ರಾಗ ಸಾಯ್ತಿದ್ದೆ.

ಏಳನೇ ದಿವಸ ಮುಂಜಾನೆ, ಅಂಗಾತ ಹೊಳ್ಳಿಸಿದ್ದ ಹೊತ್ತು. ದಿನಾ ಮುಂಜಾನೆ ನಿದ್ದಿ ಔಷಧ ನಿಲ್ಲಿಸಿ ಎಚ್ಚರ ಎಷ್ಟೈತಿ ಅಂತ ನೋಡೂದು ಅಲ್ಲಿ ರೂಢಿ. ನನಗ ಪೂರ್ತಿ ಎಚ್ಚರ ಇತ್ತು. ಕನಕಪ್ಪ ಬಾಗಲದಾಗ ನಿಂತು ಆಂಬುಲೆನ್ಸ್ ಮಾತಾಡಿದ್ದು ಕೇಳತಿತ್ತು. ಅಯ್ಯೋ ಮಾರಾಯಾ, ನಾ ಇನ್ನೂ ಬದುಕೇನಿ ಅಂತ ಒದರಬೇಕು, ಬಾಯಾಗ ನಳಿಗಿ. ಕಣ್ಣು ಬಾತಾವ, ಕೈ ಕಟ್ಯಾರ. ಅಂಥಾ ಸಿಟ್ಟು ಜನ್ಮದಾಗ ಬಂದಿಲ್ಲ ನನಗ. ಮಷೀನು ಒದರಾಕತ್ತಿತು. ಫಕ್ಕೀರವ್ವ ಓಡಿ ಬಂದ್ಲು, ನನ್ನ ಮಾರಿ ನೋಡಿದ್ಲು, ಕೈ ಬಿಚ್ಚಿದ್ಲು.

"ರೀ ಕನಕಪ್ಪಾರ, ಇವರು ನಿಮ್ಮ ಮಾತು ಕೇಳಾಕತ್ತಾರ. ನೋಡ್ರಿ, ಕೈ ಅಲುಗಸಾಕತ್ತಾರ."

"ಅದು ಮಷೀನಿನ ಝಟಕಾರಿ ಸಿಸ್ಟರ."

ಆವಾಗ ಬಿಟ್ಟಳು ನೋಡ್ರಿ ಬಾಯಿ! "ಝಟಕಾ ನಿಮ್ಮ ತಲಿಗೆ ಹೊಡದೈತಿ. ಅಣ್ಣ ಬದುಕಿದ್ದು ತಿಳಿವಲ್ದು, ಎತ್ತಿನ ಹಲ್ಲು ನೋಡಿ ವಯಸ್ಸು ಏನ್ ಹೇಳ್ತೀರಿ ನೀವು? ಬರ್ರಿ ಒಳಗ. ಎಲ್ಲಾರೂ ಬರ್ರಿ." ಒಬ್ಬರಿಗಿಂತ ಹೆಚ್ಚು ಮಂದಿ ಒಳಗ ಬಿಡಬಾರದು ಅಂತ ಬಾಗಲಕ್ಕ ಬೋರ್ಡ್ ಐತಿ. ಕನಕಪ್ಪ, ಗಂಗವ್ವ, ಆ ಬೀಗ, ಇನ್ನೊಬ್ಬ ಅಳಿಯ, ನಾಕೂ ಮಂದಿನ್ನ ಎಳಕೊಂಡು ಬಂದ್ಲು. ಕನಕಪ್ಪನ ಹೆಗಲ ಮ್ಯಾಲಿನ ಟಾವೆಲ್ ಕಸಗೊಂಡು ನನ್ನ ಬಲಗೈ ಮ್ಯಾಲೆ ಹಾಕಿದ್ಲು. "ಕಣ್ಣಿಂದ ನೋಡಬ್ಯಾಡ್ರಿ. ಸಂತ್ಯಾಗ ಹೆಂಗ ಹಿಡೀತೀರಿ, ಹಂಗ ಕೈ ಹಿಡೀರಿ."

ದನದ ಸಂತ್ಯಾಗ ನಾವು ವ್ಯವಹಾರ ಬಾಯಿಲೆ ಮಾಡೂದಿಲ್ಲ. ನಾಕು ಮಂದಿ ಎದುರಿಗೆ ಟಾವೆಲ್ ಕೆಳಗ ಕೈ ಹಿಡಿದು ಬಟ್ಟು ಒತ್ತಿ ಮಾತಾಡ್ತೇವಿ. ಎಷ್ಟು ಬಟ್ಟು ಹಿಡದ್ರ ಎಷ್ಟು ರೊಕ್ಕ, ಒಪ್ಪಿದ್ರ ಹೆಂಗ, ಒಪ್ಪದಿದ್ರ ಹೆಂಗ, ಎಲ್ಲಾ ಕೈಯಾಗ. ಆಕಿ ಅಪ್ಪ ಎತ್ತು ಮಾರೂದನ್ನ ಸಣ್ಣಾಕಿದ್ದಾಗ ನೋಡಿದ್ಲಂತ. ಏಳು ದಿನದಿಂದ ನನ್ನ ಬಟ್ಟು ಬರೇ ನಡಗಾಕತ್ತಿಲ್ಲ, ಯಾರದೋ ಕೈ ಹುಡುಕಾಕತ್ತಾವ ಅನ್ನೂದು ಅದಕ್ಕ ಆಕಿಗೆ ತಿಳೀತು. ಅಷ್ಟು ದೊಡ್ಡ ಡಾಕ್ಟರಿಗೆ ತಿಳೀಲಿಲ್ಲ.

ಕನಕಪ್ಪ ಕೈ ಹಿಡದ. "ಯಣ್ಣಾ, ಮನಿಗೆ ಹೋಗೂಣೇನು?" ಅಂದ. ಅವನ ಹೆಬ್ಬಟ್ಟು ಹಿಂದಕ್ಕ ಮುರುದು ಅಂಗೈ ದಬ್ಬಿದೆ. ಸಂತ್ಯಾಗ ಅದರ ಅರ್ಥ, ಈ ಸೌದಾ ಆಗೂದಿಲ್ಲ, ನಡಿ. ಆದ್ರೂ ನಂಬಲಿಲ್ಲ, ಮೂರ್ಖ. "ಕಡೀ ಸಂತ್ಯಾಗ ಮಾರಿದ ಹೋರಿಗೆ ಎಷ್ಟು ಹಲ್ಲಿದ್ವು?" ಅಂತ ಕೇಳಿದ. ನಾಕು ಬಟ್ಟು ಒಂದೊಂದಾಗಿ ಒತ್ತಿದೆ. "ಇನ್ನ ಅಂತೀರೇನು ಝಟಕಾ ಅಂತ?" ಅಂದ್ಲು ಫಕ್ಕೀರವ್ವ, "ಮಷೀನಿಗೆ ನಿಮ್ಮ ಹೋರಿ ಹಲ್ಲು ಯಾರು ಹೇಳಿದ್ರು?" ಕನಕಪ್ಪ ಹಾಸಿಗಿ ಕಾಲು ಹಿಡಕೊಂಡು ಕುಂತು ಹುಡುಗ್ರಂಗ ಅತ್ತ. ಬರದಿಟ್ಟ ಕಾಗದ ಹರದು ಒಗದ.

ಹನ್ನೊಂದನೇ ದಿವಸ ನಳಿಗಿ ತಗದ್ರು. ಇನ್ನೊಂದು ವಾರ ಇಟ್ಕೊಂಡು ಮನಿಗೆ ಕಳಿಸಿದ್ರು. ಇದಿಷ್ಟು ನಡದಿದ್ದು. ಈಗ ಹೇಳ್ರಿ, ಅಂಥಾಕಿನ್ನ ತಗದಾರ ಅಂದ್ರ ನನ್ನ ಹೊಟ್ಟ್ಯಾಗ ಬೆಂಕಿ ಬೀಳೂದಿಲ್ಲೇನು?

ಮ್ಯಾನೇಜರನ ಖೋಲಿಗೆ ಕೇಳದ ನುಗ್ಗಿದೆ. ಎದುರಿಗೆ ಕುರ್ಚಿ ಇತ್ತು, ಕುಂದ್ರಲಿಲ್ಲ. ದವಾಖಾನಿಗೆಲ್ಲಾ ಕೇಳೂವಂಗ ಒದರಿದೆ. ಅಂವ ಏಸಿ ಕೆಳಗ ಕುಂತು ಶಾಂತ ಆಗಿ, "ಯಜಮಾನ್ರ, ನಾವು ಸುಮ್ಸುಮ್ನ ತಗದಿಲ್ಲ. ಪೇಷಂಟ್ ಕಡೆಯಿಂದ ದೂರು ಬಂದಿತ್ತು" ಅಂದ.

"ಯಾವಂವ ಆ ಹಲ್ಕಟ್? ಆಕಿ ಮ್ಯಾಲೆ ದೂರು ಬರಿಯಾಕ ಕೈ ಹೆಂಗ ಬಂತವಗ? ಹೆಸರು ಹೇಳು, ಈಗ ಹೋಗಿ ಅವನ ಮನಿ ಮುಂದ ನಿಂತು ಮರ್ಯಾದಿ ತಗೀತೇನಿ."

ಅಂವ ಕಪಾಟಿನಿಂದ ಒಂದು ಕಾಗದ ತಗದು ಮೇಜಿನ ಮ್ಯಾಲೆ ಇಟ್ಟ. "ಮೂರನೇ ಬೆಡ್. ಗುತ್ತಲ. ಈ ಸಹಿ ನಿಮ್ದ ಹೌದಲ್ಲೋ?"

ನಂದ. ಗುಡದಪ್ಪ ಅಂತ ಸೊಟ್ಟ ಮಾಡಿದ ನನ್ನ ಸಹಿ.

ಮನಿಗೆ ಬಿಟ್ಟ ದಿವಸ ಕೌಂಟರಿನ ಹುಡುಗಿ ಒಂದು ಕಾಗದ ಹಿಡಿದು, "ಸಿಬ್ಬಂದಿ ಹೆ‌ಂಗ ನೋಡ್ಕೊಂಡ್ರು ಅಂಕಲ್, ಏನರ ಹೇಳ್ರಿ, ಬರಕೋತೇನಿ" ಅಂದಿತ್ತು. ನಾನು ನಕ್ಕೊಂತ ಬರಿಸಿದೆ. ಫಕ್ಕೀರವ್ವನ ಬಾಯಿ ಭಾಳ ಜೋರು. ನನ್ನ ಕೈ ಕಟ್ಟಿ ಹಾಕಿದ್ಲು. ನನ್ನ ತಮ್ಮಗ ಮಂದಿ ಎದುರಿಗೆ ಬೈದ್ಲು. ಬೋರ್ಡ್ ಹಾಕಿದ್ರೂ ನಾಕು ಮಂದಿನ್ನ ಒಮ್ಮೆಲೆ ಒಳಗ ಬಿಟ್ಲು. ಅಷ್ಟು ಬರಿಸಿ ಸಹಿ ಹಾಕಿದೆ.

ಯಾಕ ಹಂಗ ಬರಿಸಿದೆ ಅಂತ ಕೇಳ್ತೀರಿ? ಕೇಳ್ರಿ, ಉಗೀರಿ. ನಮ್ಮ ದಂಧೆದಾಗ ಚಲೋ ಹೋರಿನ್ನ ಚಲೋ ಐತಿ ಅಂತ ಬಾಯಿ ಬಿಟ್ಟು ಹೇಳೂದಿಲ್ಲ. ದೃಷ್ಟಿ ತಾಗತೈತಿ. ಮೇವು ಬಿಡತೈತಿ, ಕಾಲು ಹಿಡೀತೈತಿ. ಮನಿಯಾಗ ಉಳೀಬೇಕು ಅನ್ನೂ ಎತ್ತಿನ ಬರೇ ಐಬು ಹೇಳ್ತೇವಿ, ಹಾಯತೈತಿ, ಒದಿತೈತಿ, ಮೊಂಡ ಐತಿ ಅಂತ. ಚಲೋದು ಹೊಟ್ಟ್ಯಾಗ ಇಟ್ಕೊಂತೇವಿ. ನನ್ನ ಮಗಳ ಬಗ್ಗೆನೂ ಹಂಗ ಮಾತಾಡಾಂವ ನಾನು. ಫಕ್ಕೀರವ್ವಗ ಯಾರ ಕಣ್ಣೂ ಬೀಳಬಾರದು, ಆ ವಾರ್ಡಿನ್ಯಾಗ ನೂರು ವರ್ಷ ಇರಲಿ ಅಂತ ಮಾಡಿದ್ದು. ಸಂತಿ ರಿವಾಜು ದವಾಖಾನಿ ಕೌಂಟರಿನ್ಯಾಗ ಮಾಡಿದ ಹುಚ್ಚ ನಾನು.

"ನನ್ನ ಜೀವ ಉಳಿಸ್ಯಾಳ ಅಂತ ಬರೀರಿ ಈಗ! ಬರ್ರಿ, ಸಹಿ ಹಾಕ್ತೇನಿ!" ಅಂದೆ. "ಆ ಜಾಗಕ್ಕ ಹೊಸಬರು ಬಂದಾಗೇತಿ" ಅಂದ ಮ್ಯಾನೇಜರ. ಅವನ ತುಟಿ ಮೂಲಿ ನಗಾಕತ್ತಿತ್ತು. ಅವನಿಗೆ ಒಂದು ನೆವ ಬೇಕಾಗಿತ್ತು, ಇನ್ನಿಬ್ಬರನ್ನ ಕೊಡ್ರಿ ಅಂತ ದಿನಾ ಕೇಳೂ ಬಾಯಿ ಮುಚ್ಚಸಾಕ. ಅದನ್ನ ನಾನ ಬರಿಸಿ ಸಹಿ ಹಾಕಿ ಕೊಟ್ಟಿದ್ದೆ.

ಆಕಿ ಎಲ್ಲಿದ್ದಾಳ ಅಂತ ಔಷಧ ಅಂಗಡಿಯವನ್ನ ಕೇಳ್ಕೊಂಡು ಮರುದಿನ ಬ್ಯಾಡಗಿಗೆ ಹ್ವಾದೆ. ಮೆಣಸಿನಕಾಯಿ ಮಾರ್ಕೆಟ್ಟಿನ ಹಿಂದ ಒಂದು ಸಣ್ಣ ದವಾಖಾನಿ, ಎರಡು ಬೆಂಚು, ಒಬ್ಬ ಡಾಕ್ಟರು. ಹದಿನೆಂಟು ವರ್ಷ ಮಂದಿ ಉಸಿರು ಹಿಡಿದು ನಿಲ್ಲಿಸಿದಾಕಿ ಅಲ್ಲಿ ಕುಂತು ಹಮಾಲನೊಬ್ಬನ ಕಾಲಿಗೆ ಪಟ್ಟಿ ಸುತ್ತಾಕತ್ತಿದ್ಲು. ನನ್ನ ನೋಡಿ, "ಬರ್ರಿ ಅಣ್ಣಾರ, ಕುಂದ್ರಿ. ದಮ್ಮು ಹೆಂಗೈತಿ ಈಗ?" ಅಂದ್ಲು.

"ತಂಗೆವ್ವಾ, ಆ ಕಾಗದ ನಾ ಬರಿಸಿದ್ದು."

"ಗೊತ್ತೈತಿ. ನನಗೂ ತೋರಿಸಿದ್ರಲ್ಲ." ಪಟ್ಟಿ ಸುತ್ತೂದು ಬಿಡಲಿಲ್ಲ. "ನಮ್ಮಪ್ಪನೂ ಎತ್ತಿಗೆ ಹಂಗ ಬೈತಿದ್ದ. ಓದಿದ ಕೂಡ್ಲೆ ತಿಳೀತು. ಖರೇ ಹೇಳಬೇಕಂದ್ರ ಖುಷಿನೂ ಆತು. ಅವರಿಗೆ ಬಿಡಿಸಿ ಹೇಳಿದೆ, ನಕ್ಕರು."

"ನನಗ ಎರಡು ಹೊಡಿ ಬೇಕಾದ್ರ. ಏನ್ ಮಾಡಲಿ ಹೇಳು, ಡಿಸಿ ಹಂತ್ಯಾಕ ಹೋಗಲೇನು? ಹಾವೇರಿಗೆ ಹೋಗಿ ಕುಂದರ್ತೇನಿ."

"ನನ್ನ ಸಲುವಾಗಿ ಏನೂ ಮಾಡಬ್ಯಾಡ್ರಿ. ನನಗ ಕೈ ಅದಾವ, ದುಡ್ಕೊಂಡು ತಿಂತೇನಿ." ಹಮಾಲನ್ನ ಕಳಿಸಿ, ಕೈ ತೊಳಕೊಂಡು, ನನ್ನ ಎದುರಿಗೆ ಬಂದು ನಿಂತ್ಲು. ಆಗ ಆಕಿ ಮಾರಿ ನೋಡಿದೆ. ವಾರ್ಡಿನ್ಯಾಗ ಬೈಯೂವಾಗ ಇರತಿದ್ದ ಸಿಟ್ಟಲ್ಲ ಅದು. "ನೀವು ಎದ್ದು ಹ್ವಾದ ಹಾಸಿಗಿಗೆ ಸುಶ್ಮಿತಾ ಅಂತ ಒಂದು ಹುಡುಗಿ ಬಂದಿತ್ತು. ಕದರಮಂಡಲಗಿದು. ಬಿ.ಎಡ್ ಓದತಿತ್ತು, ಇಪ್ಪತ್ತೆರಡು ವರ್ಷ. ನಿಮ್ಮಂಗ ನಿಮೋನಿಯಾನ. ಚಲೋ ಆಗಾಕತ್ತಿತ್ತು, ಇನ್ನೆರಡು ದಿನಕ್ಕ ನಳಿಗಿ ತಗಿಯಾವರಿದ್ರು. ನನ್ನನ್ನ ಹೊರಗ ಹಾಕಿದ್ದು ಮುಂಜಾನೆ ಹನ್ನೊಂದಕ್ಕ, ಡ್ಯೂಟಿ ನಡುವ. ಕೈಗವಸು ಹಾಕ್ಕೊಂಡು ನಿಂತಿದ್ದೆ. ಈಕಿ ಕಫ ಒಂದು ತಗದು ಹೋಗ್ತೇನಿ ಸರ, ಭಾಳ ಗಟ್ಟಿ ಕಟ್ಟೈತಿ ಅಂದೆ. ಬಿಡಲಿಲ್ಲ. ಮಧ್ಯಾಹ್ನ ನಳಿಗಿ ಪೂರಾ ಕಟ್ಟಿತು. ಮಷೀನು ಒದರಿತು. ನನ್ನ ಜೊತಿಗಿದ್ದ ಆ ಹೊಸ ನರ್ಸ್ ಹುಡುಗಿಗೆ ತಿಳೀಲಿಲ್ಲ, ಪಾಪ, ಐದು ಹಾಸಿಗಿ ನಡುವ ಒಬ್ಬಾಕಿ. ಮಷೀನು ಕೆಟ್ಟೈತಿ ಅಂತ ರಿಪೇರಿಯವನಿಗೆ ಫೋನ್ ಮಾಡ್ಕೊಂತ ನಿಂತ್ಲಂತ."

"ಹುಡುಗಿ ಉಳೀತೇನು?" ಅಂದೆ.

"ಆ ಹುಡುಗಿ ಅಪ್ಪ ನನ್ನ ಹಂತ್ಯಾಕ ಬಂದಿದ್ದ," ಅಂದ್ಲು. "ನೀವು ಇದ್ದಿದ್ರ ನನ್ನ ಮಗಳು ಉಳೀತಿದ್ಲಂತಲ್ಲವ್ವ, ನಿಮ್ಮನ್ನ ಯಾಕ ತಗದ್ರು ಅಂತ ಕೇಳಿದ. ನಾ ಹೇಳಲಿಲ್ಲ. ಅಂವ ಇನ್ನೂ ಕೇಳ್ಕೊಂತ ತಿರಗಾಕತ್ತಾನ. ಡಿಸಿ ಹಂತ್ಯಾಕ ಏನೂ ಹೋಗಬ್ಯಾಡ್ರಿ ಅಣ್ಣಾರ. ಆ ಹುಡುಗಿ ಅಪ್ಪಗ ಹೋಗಿ ಹೇಳ್ರಿ, ನನ್ನನ್ನ ಯಾಕ ತಗದ್ರು ಅಂತ."

ಬೆಂಚಿನ ಮ್ಯಾಲೆ ಮೂರು ಮಂದಿ ಕಾಯಾಕತ್ತಿದ್ರು. ಆಕಿ ಮುಂದಿನವರನ್ನ ಕರದ್ಲು.

ಬ್ಯಾಡಗಿಯಿಂದ ಕದರಮಂಡಲಗಿ ಬಸ್ಸಿನ್ಯಾಗ ಅರ್ಧ ತಾಸಿನ ಹಾದಿನೂ ಅಲ್ಲ. ಆವತ್ತು ಬಸ್ಸು ಎದುರಿಗೆ ಬಂದು ನಿಂತಿತ್ತು. ಕಂಡಕ್ಟರ ಎರಡು ಸಲ ಕರದ. ಆಮ್ಯಾಲೆ ನಾಕು ಸಲ ಬ್ಯಾಡಗಿ ತನಕ ಹೋಗೇನಿ. ಆ ಬಸ್ಸು ಇನ್ನೂ ಹತ್ತಿಲ್ಲ.